ದಾರಿಯ ಹೊತ್ತನ್ನು ಅಳೆಯುವ ಬಗೆ

ದೂರವನ್ನು ಅಳೆಯುವುದು ಸುಲಭ. ಹೊತ್ತನ್ನು ಅಳೆಯುವುದು ಕಷ್ಟ. ರಾಮನಗರಕ್ಕೂ ಚನ್ನಪಟ್ಟಣಕ್ಕೂ ಹಳೆಯ ಹೆದ್ದಾರಿಯಲ್ಲಿ ಸುಮಾರು ೧೨ ಕಿಲೋಮೀಟರು ದೂರವೆಂದು ದಾರಿಯ ಬದಿಯ ಕಲ್ಲು ತಿಳಿಸುತ್ತದೆ. ಬೇಸಗೆಯಲ್ಲಾಗಲಿ ಮಳೆಗಾಲದಲ್ಲಾಗಲಿ, ಹಬ್ಬದ ದಿನವಾಗಲಿ ಸಂತೆಯ ದಿನವಾಗಲಿ, ಆ ಕಲ್ಲಿನ ಮಾತು ಒಂದೇ. ಆದರೆ ದಾರಿ ನಡೆಯುವವರಿಗೆ ಬೇಕಾದ ಉತ್ತರವು ಅದಲ್ಲ. “ಎಷ್ಟು ದೂರ?” ಎಂದು ಕೇಳಿದವರೂ ಮನಸ್ಸಿನೊಳಗೆ “ಎಷ್ಟು ಹೊತ್ತು?” ಎಂದೇ ಕೇಳುತ್ತಿರುತ್ತಾರೆ. ಕನಕಪುರದ ಕಡೆಯ ರೈತನು ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಹರಾಜಿನ ವೇಳೆಗೆ ಮುಟ್ಟಿಸಬೇಕು. ಗೂಡಿನೊಳಗಿನ ಹುಳುವು ಚಿಟ್ಟೆಯಾಗಿ ಹೊರಬಂದರೆ ನೂಲು ಕೆಟ್ಟುಹೋಗುವುದರಿಂದ ಅವನು ಬಹುಕಾಲ ಕಾಯುವಂತಿಲ್ಲ. ಮಾಗಡಿಯ ಹಳ್ಳಿಯಿಂದ ಹೆರಿಗೆಗಾಗಿ ಹೊರಟ ತಾಯಿಯು ಆಸ್ಪತ್ರೆಯನ್ನು ಸಕಾಲದಲ್ಲಿ ಸೇರಬೇಕು. ಪರೀಕ್ಷೆಗೆ ಹೊರಟ ಬಾಲಿಕೆಯು ಗಂಟೆ ಬಾರಿಸುವುದರೊಳಗೆ ಶಾಲೆಯ ಬಾಗಿಲನ್ನು ದಾಟಬೇಕು. ಇವರಿಗೆಲ್ಲ ಹೊತ್ತೇ ದೂರ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನೊಳಗೊಂಡ ಸೀಮೆಯು ೨೦೦೭ರಲ್ಲಿ ರಾಮನಗರ ಜಿಲ್ಲೆಯಾಗಿ ಏರ್ಪಟ್ಟು, ೨೦೨೫ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೊಸ ಹೆಸರನ್ನು ಪಡೆಯಿತು. ಈ ಸೀಮೆಯ ದಾರಿಗಳನ್ನೇ ಉದಾಹರಣೆಯಾಗಿಟ್ಟುಕೊಂಡು, ಚಲಚ್ಚಿತ್ರದ ನೆರವಿನಿಂದ ಪ್ರಯಾಣದ ಹೊತ್ತನ್ನು ಅಳೆಯುವ ಬಗೆ ಯಾವುದು, ಆ ಅಳತೆಯಿಂದ ನಾವು ತಿಳಿಯತಕ್ಕದ್ದೇನು, ತಿಳಿಯಲಾಗದ್ದೇನು ಎಂಬುದನ್ನು ಇಲ್ಲಿ ವಿವರಿಸಲಾಗುವುದು. ಇದರಲ್ಲಿ ಬರುವ ಗಣಿತವು ಶಾಲೆಯ ಮಕ್ಕಳಿಗೆ ಅಪರಿಚಿತವಾದುದಲ್ಲ.

ಮೊದಲು ಚಲಚ್ಚಿತ್ರವೆಂದರೇನೆಂಬುದನ್ನು ನೆನಪಿಗೆ ತಂದುಕೊಳ್ಳೋಣ. ೧೯೭೫ರಲ್ಲಿ ತೆರೆಕಂಡ ‘ಶೋಲೆ’ ಎಂಬ ಹಿಂದೀ ಚಿತ್ರದ ಬಹುಭಾಗವನ್ನು ರಾಮನಗರದ ಬಂಡೆಗಳ ನಡುವೆಯೇ ತೆಗೆದರೆಂಬುದು ಎಲ್ಲರೂ ಬಲ್ಲ ಸಂಗತಿ. ಅದರಲ್ಲಿ ಓಡುವ ಕುದುರೆಗಳು ನಿಜವಾಗಿ ತೆರೆಯ ಮೇಲೆ ಓಡುವುದಿಲ್ಲ. ನಿಶ್ಚಲವಾದ ಚಿತ್ರಗಳು ಒಂದರ ಹಿಂದೊಂದು ಸಮನಾದ ಅಂತರದಲ್ಲಿ ಬೇಗಬೇಗನೆ ಬರುವುದರಿಂದ ನಮ್ಮ ಕಣ್ಣು ಅವನ್ನು ಓಟವೆಂದು ಭ್ರಮಿಸುತ್ತದೆ. ಒಂದು ಸೆಕೆಂಡಿಗೆ ೨೫ ಚಿತ್ರಗಳನ್ನು ತೆಗೆಯುವ ಕ್ಯಾಮರಾದಲ್ಲಿ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಸೆಕೆಂಡಿನ ಇಪ್ಪತ್ತೈದರಲ್ಲೊಂದು ಭಾಗವು ಕಳೆದಿರುತ್ತದೆ. ಆದಕಾರಣ ಚಲಚ್ಚಿತ್ರವು ಒಂದು ಗಡಿಯಾರವೂ ಹೌದು. ಚಿತ್ರಗಳನ್ನು ಎಣಿಸಬಲ್ಲವರು ಹೊತ್ತನ್ನು ಎಣಿಸಬಲ್ಲರು.

ಈ ತತ್ತ್ವವು ಹೊಸದಲ್ಲ. ೧೮೭೮ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಕುದುರೆ ಓಡುವ ಹಾದಿಯ ಪಕ್ಕದಲ್ಲಿ ಕ್ಯಾಮರಾಗಳನ್ನು ಸಾಲಾಗಿಟ್ಟು, ಹಾದಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿ, ಕುದುರೆಯೇ ದಾರವನ್ನು ತಾಗಿ ತನ್ನ ಚಿತ್ರವನ್ನು ತೆಗೆಯಿಸಿಕೊಳ್ಳುವಂತೆ ಮಾಡಿದನು. ಓಡುವ ಕುದುರೆಯ ನಾಲ್ಕು ಕಾಲುಗಳೂ ಒಂದು ಕ್ಷಣದಲ್ಲಿ ನೆಲದಿಂದ ಮೇಲಿರುವುದೆಂಬುದು ಆಗ ಸಿದ್ಧವಾಯಿತು. ೧೯೩೩ರ ಸುಮಾರಿಗೆ ಅಮೆರಿಕದ ಓಹಾಯೋ ಪ್ರಾಂತದಲ್ಲಿ ಬ್ರೂಸ್ ಗ್ರೀನ್‌ಶೀಲ್ಡ್ಸ್ ಎಂಬ ಇಂಜಿನಿಯರರು ರಸ್ತೆಯ ಪಕ್ಕದಲ್ಲಿ ಚಲಚ್ಚಿತ್ರದ ಕ್ಯಾಮರಾವನ್ನಿಟ್ಟು, ಮೋಟಾರುಗಾಡಿಗಳು ಒಂದು ಚಿತ್ರದಿಂದ ಮತ್ತೊಂದು ಚಿತ್ರಕ್ಕೆ ಎಷ್ಟು ಮುಂದುವರಿದವೆಂಬುದನ್ನು ಅಳೆದು, ಅವುಗಳ ವೇಗವನ್ನೂ ದಾರಿಯ ದಟ್ಟಣೆಯನ್ನೂ ಕಂಡುಹಿಡಿದರು. ದಟ್ಟಣೆ ಹೆಚ್ಚಿದಂತೆ ವೇಗವು ಕುಗ್ಗುವ ಕ್ರಮವನ್ನು ಅವರು ೧೯೩೫ರಲ್ಲಿ ಲೆಕ್ಕವಾಗಿ ತೋರಿಸಿದರು. ಅಂದು ಮನುಷ್ಯರು ಒಂದೊಂದು ಚಿತ್ರವನ್ನೂ ಕಣ್ಣಿಟ್ಟು ನೋಡಿ ಬರೆದುಕೊಳ್ಳುತ್ತಿದ್ದ ಕೆಲಸವನ್ನು ಇಂದು ಗಣಕಯಂತ್ರವು ಮಾಡುತ್ತದೆ, ವ್ಯತ್ಯಾಸವಿರುವುದು ಇಷ್ಟೇ.

ಈಗ ಲೆಕ್ಕಕ್ಕೆ ಬರೋಣ. ರಸ್ತೆಯ ಪಕ್ಕದ ಕಂಬದ ಮೇಲೊಂದು ಕ್ಯಾಮರಾ ಇದೆಯೆಂದೂ, ಅದರ ಚಿತ್ರದಲ್ಲಿ ರಸ್ತೆಗೆ ಅಡ್ಡಲಾಗಿ ೩೦ ಮೀಟರು ಅಂತರದಲ್ಲಿ ಎರಡು ಗೆರೆಗಳನ್ನು ಎಳೆದಿರುವರೆಂದೂ ಭಾವಿಸಿರಿ. ಒಂದು ಕಾರು ಮೊದಲ ಗೆರೆಯನ್ನು ಮುಟ್ಟಿದಂದಿನಿಂದ ಎರಡನೆಯ ಗೆರೆಯನ್ನು ಮುಟ್ಟುವವರೆಗೆ ೪೫ ಚಿತ್ರಗಳು ಕಳೆದರೆ, ಹಿಡಿದ ಕಾಲವು ೧.೮ ಸೆಕೆಂಡು. ೩೦ ಮೀಟರನ್ನು ೧.೮ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು ೧೬.೭ ಮೀಟರು, ಎಂದರೆ ಗಂಟೆಗೆ ೬೦ ಕಿಲೋಮೀಟರು ವೇಗವಾಯಿತು. ಎಣಿಕೆಯಲ್ಲಿ ಒಂದು ಚಿತ್ರ ತಪ್ಪಿದರೂ ವೇಗದಲ್ಲಿ ಆಗುವ ತಪ್ಪು ಒಂದೂವರೆ ಕಿಲೋಮೀಟರಿಗೆ ಮೀರುವುದಿಲ್ಲ. ಆದರೆ ಗೆರೆಗಳ ಅಂತರವು ಐದೇ ಮೀಟರಾಗಿದ್ದರೆ ಏಳು ಚಿತ್ರಗಳೆಂದು ಎಣಿಸಿದಾಗ ೬೪, ಎಂಟೆಂದು ಎಣಿಸಿದಾಗ ೫೬ ಎಂಬಷ್ಟು ಹೆಚ್ಚುಕಡಿಮೆಯಾಗುವುದು. ಅಳತೆಯ ಅಂತರವು ದೊಡ್ಡದಾದಷ್ಟೂ ತಪ್ಪು ಚಿಕ್ಕದಾಗುವುದೆಂಬ ನಿಯಮವನ್ನು ಇಲ್ಲಿ ಕಾಣಬಹುದು.

ಇದರಲ್ಲಿ ಎರಡು ತೊಡಕುಗಳಿವೆ. ರೈಲುದಾರಿಯ ಮಧ್ಯದಲ್ಲಿ ನಿಂತು ನೋಡಿದರೆ ಕಂಬಿಗಳೆರಡೂ ದೂರದಲ್ಲಿ ಕೂಡಿಕೊಂಡಂತೆ ಕಾಣುತ್ತವೆಯಷ್ಟೆ. ಹಾಗೆಯೇ ಚಿತ್ರದಲ್ಲಿ ಹತ್ತಿರದ ಮೀಟರು ಉದ್ದವಾಗಿಯೂ ದೂರದ ಮೀಟರು ಗಿಡ್ಡವಾಗಿಯೂ ಕಾಣುತ್ತದೆ. ಒಂದೇ ವೇಗದಿಂದ ಬರುವ ಬಸ್ಸು ದೂರದಲ್ಲಿ ತೆವಳುವಂತೆಯೂ ಹತ್ತಿರದಲ್ಲಿ ಹಾರುವಂತೆಯೂ ತೋರುತ್ತದೆ. ಆದ್ದರಿಂದ ನೆಲದ ಮೇಲೆ ನಾಲ್ಕು ಸ್ಥಾನಗಳನ್ನು ಟೇಪಿನಿಂದ ಅಳೆದು, ಅವು ಚಿತ್ರದಲ್ಲಿ ಎಲ್ಲೆಲ್ಲಿ ಬರುವುವೆಂದು ಗುರುತಿಸಿ, ಚಿತ್ರದ ಅಳತೆಯನ್ನು ನೆಲದ ಅಳತೆಗೆ ತಿರುಗಿಸಬೇಕು. ಈ ಕೆಲಸವನ್ನು ಅಲಕ್ಷ್ಯದಿಂದ ಮಾಡಿದಲ್ಲಿ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಎರಡನೆಯ ತೊಡಕು, ಯಂತ್ರವು ಒಂದು ವಾಹನವನ್ನು ಬಿಡದೆ ಹಿಂಬಾಲಿಸುವುದು. ಯಂತ್ರಕ್ಕೆ ಮೊದಲು ಸಾವಿರಾರು ಚಿತ್ರಗಳನ್ನು ತೋರಿಸಿ, ಇದು ಲಾರಿ, ಇದು ಆಟೋ, ಇದು ಸೈಕಲ್ಲು ಎಂದು ಅಭ್ಯಾಸ ಮಾಡಿಸುತ್ತಾರೆ. ಬಳಿಕ ಅದು ಪ್ರತಿಯೊಂದು ವಾಹನದ ಸುತ್ತಲೂ ಚೌಕವೊಂದನ್ನು ಬರೆದು, ಈ ಚಿತ್ರದಲ್ಲಿ ಇಲ್ಲಿದ್ದುದು ಮುಂದಿನ ಚಿತ್ರದಲ್ಲಿ ಎಲ್ಲಿರಬಹುದೆಂದು ಮುಂಚಿತವಾಗಿ ಊಹಿಸಿ, ಆ ಊಹೆಗೆ ಅತಿ ಸಮೀಪದಲ್ಲಿ ಸಿಕ್ಕಿದುದನ್ನೇ ಅದೇ ವಾಹನವೆಂದು ಗ್ರಹಿಸುತ್ತದೆ. ವಾಹನಗಳು ಒಂದರ ಹಿಂದೊಂದು ಸಾಲಾಗಿ ಹೋಗುವ ದೇಶಗಳಲ್ಲಿ ಇದು ಸುಗಮ. ನಮ್ಮಲ್ಲಿಯಾದರೋ ಬಸ್ಸಿನ ಮರೆಯಲ್ಲಿ ಸ್ಕೂಟರು, ಸ್ಕೂಟರಿನ ಪಕ್ಕದಲ್ಲಿ ಎತ್ತಿನ ಗಾಡಿ, ಅದನ್ನು ಬಳಸಿಕೊಂಡು ಆಟೋ, ನಡುವೆ ರಸ್ತೆ ದಾಟುವ ಹಸು! ಬಸ್ಸಿನ ಮರೆಗೆ ಹೋದ ಸ್ಕೂಟರು ಹೊರಬಂದಾಗ ಅದು ಹೊಸತೋ ಹಳೆಯದೋ ಎಂದು ಯಂತ್ರವು ತಬ್ಬಿಬ್ಬಾಗುವುದುಂಟು. ಇರುಳಿನಲ್ಲಿ ಮುಂದೀಪಗಳ ಹೊಳಪು, ಸಂಜೆಯ ಉದ್ದ ನೆರಳು, ಮಳೆಯ ಹನಿ ಇವೂ ಅದರ ಕಣ್ಣನ್ನು ಕೆಡಿಸುತ್ತವೆ. ಆದಕಾರಣ ಕ್ಯಾಮರಾವನ್ನು ಎತ್ತರದಲ್ಲಿಟ್ಟು ಮೇಲಿನಿಂದ ನೋಡಿಸುವುದು ಉತ್ತಮ.

ಒಂದು ಕ್ಯಾಮರಾ ನೂರಿನ್ನೂರು ಮೀಟರುಗಳನ್ನು ಮಾತ್ರ ನೋಡಬಲ್ಲದು. ಊರಿಂದೂರಿಗೆ ಹಿಡಿಯುವ ಹೊತ್ತು ಬೇಕಾದರೆ ಎರಡು ಕ್ಯಾಮರಾಗಳು ಬೇಕು. ಈ ವಾಹನವೇ ಆ ವಾಹನವೆಂದು ಗುರುತಿಸಲು ನಂಬರು ಹಲಗೆಯು ಸಾಧನ. ನಂಬರು ಹಲಗೆಯನ್ನು ತಾನಾಗಿ ಓದುವ ಯಂತ್ರವನ್ನು ೧೯೭೬ರಲ್ಲಿ ಇಂಗ್ಲೆಂಡಿನ ಪೊಲೀಸ್ ಇಲಾಖೆಯ ವಿಜ್ಞಾನ ಶಾಖೆಯವರು ಕಲ್ಪಿಸಿದರು. ರಾಮನಗರದ ಬಳಿ ‘ಕೆಎ ೪೨’ ಎಂದು ಮೊದಲಾಗುವ ಒಂದು ವಾಹನವು ೯ ಗಂಟೆಗೆ ಕಂಡು, ಅದೇ ನಂಬರು ಚನ್ನಪಟ್ಟಣದ ಬಳಿ ೯ ಗಂಟೆ ೨೦ ನಿಮಿಷಕ್ಕೆ ಕಂಡರೆ, ಪ್ರಯಾಣದ ಹೊತ್ತು ೨೦ ನಿಮಿಷ. ಇಂಗ್ಲಿಷ್ ‘ಬಿ’ ಅಕ್ಷರವನ್ನು ಎಂಟೆಂದೂ, ಸೊನ್ನೆಯನ್ನು ‘ಓ’ ಎಂದೂ ಯಂತ್ರವು ತಪ್ಪಾಗಿ ಓದುವುದುಂಟು. ಕೆಸರು ಮೆತ್ತಿದ ಹಲಗೆಯನ್ನು ಓದದೆಯೇ ಬಿಡುವುದೂ ಉಂಟು. ೨೦೧೯ರ ಏಪ್ರಿಲ್ ೧ರಿಂದ ಹೊಸ ವಾಹನಗಳಿಗೆಲ್ಲ ಒಂದೇ ಮಾದರಿಯ ಭದ್ರ ಹಲಗೆಗಳು ಕಡ್ಡಾಯವಾದುದರಿಂದ ಈ ಕಷ್ಟವು ಕಡಮೆಯಾಗಿದೆ. ಎಲ್ಲಕ್ಕಿಂತ ಮುಖ್ಯವಾದುದು, ಎರಡು ಕ್ಯಾಮರಾಗಳ ಗಡಿಯಾರಗಳೂ ಕೂಡಿರಬೇಕೆಂಬುದು.

ಹೀಗೆ ದೊರೆತ ಅಂಕಿಗಳನ್ನು ಹಾಗೆಯೇ ಕೂಡಿಸಿ ಭಾಗಿಸಿದರೆ ಮೋಸಹೋಗುವೆವು. ಐದು ವಾಹನಗಳು ರಾಮನಗರದಿಂದ ಚನ್ನಪಟ್ಟಣಕ್ಕೆ ೧೮, ೧೯, ೨೦, ೨೧, ೬೨ ನಿಮಿಷಗಳಲ್ಲಿ ಹೋದುವೆನ್ನಿರಿ. ಸರಾಸರಿಯು ೨೮ ನಿಮಿಷ. ಆದರೆ ಯಾರೂ ೨೮ ನಿಮಿಷದಲ್ಲಿ ಹೋಗಲಿಲ್ಲ! ಐದನೆಯ ವಾಹನದವರು ದಾರಿಯಲ್ಲಿ ಇಳಿದು ಮಕ್ಕಳಿಗೆ ಬಣ್ಣದ ಗೊಂಬೆಗಳನ್ನು ಕೊಂಡು, ಕಾಫಿ ಕುಡಿದು ಹೊರಟಿರಬೇಕು. ಅದು ದಾರಿಯ ದೋಷವಲ್ಲ. ಅಂಕಿಗಳನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ ೨೦ ನಿಮಿಷವೆಂಬ ಯೋಗ್ಯವಾದ ಉತ್ತರವು ದೊರಕುವುದು.

ಸರಾಸರಿಯ ಇನ್ನೊಂದು ಮೋಸವನ್ನೂ ಇಲ್ಲಿಯೇ ತಿಳಿಯಬೇಕು. ಆ ೧೨ ಕಿಲೋಮೀಟರನ್ನು ಹೋಗುವಾಗ ಗಂಟೆಗೆ ೬೦ರ ವೇಗದಲ್ಲಿಯೂ ಬರುವಾಗ ೩೦ರ ವೇಗದಲ್ಲಿಯೂ ಕ್ರಮಿಸಿದರೆ ಒಟ್ಟು ವೇಗವೆಷ್ಟು? ೪೫ ಎಂದು ಬಾಯಿಗೆ ಬರುವುದು ಸಹಜ. ಹೋಗುವಾಗ ೧೨ ನಿಮಿಷ, ಬರುವಾಗ ೨೪ ನಿಮಿಷ. ೨೪ ಕಿಲೋಮೀಟರಿಗೆ ೩೬ ನಿಮಿಷ. ಆದುದರಿಂದ ವೇಗವು ೪೦ ಮಾತ್ರ. ನಿಧಾನವಾಗಿ ಸಾಗುವ ದಾರಿಯು ಹೆಚ್ಚು ಹೊತ್ತನ್ನು ನುಂಗುವುದರಿಂದ ಲೆಕ್ಕದಲ್ಲಿ ಅದರ ತೂಕವೂ ಹೆಚ್ಚು. ಒಂದು ಸ್ಥಳದಲ್ಲಿ ಅಳೆದ ವೇಗಗಳ ಸರಾಸರಿಗೂ ದಾರಿಯ ಉದ್ದಕ್ಕೂ ಅಳೆದ ವೇಗಕ್ಕೂ ಇರುವ ಈ ಭೇದವನ್ನು ೧೯೫೨ರಲ್ಲಿ ಇಂಗ್ಲೆಂಡಿನ ವಾರ್ಡ್ರಪ್ ಎಂಬ ವಿದ್ವಾಂಸರು ಗಣಿತದಿಂದ ಸ್ಪಷ್ಟಪಡಿಸಿದರು.

ಈ ವಿದ್ಯೆಯು ನಮ್ಮ ಸೀಮೆಯಲ್ಲಿ ಪ್ರಾಣದ ಪ್ರಶ್ನೆಯಾದುದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಿಂದ. ಸುಮಾರು ೧೧೯ ಕಿಲೋಮೀಟರು ಉದ್ದದ ಈ ದಾರಿಯು ೨೦೨೩ರ ಮಾರ್ಚ್ ೧೨ರಂದು ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣಗಳ ಪೇಟೆಗಳನ್ನು ಹೊಗದೆ ಹೊರಗೆ ಸಾಗುವ ಇದರ ಒಂದು ಭಾಗವು ಸುಮಾರು ೨೨ ಕಿಲೋಮೀಟರು. ಮೂರು ಗಂಟೆಯ ಪ್ರಯಾಣವು ಒಂದೂಕಾಲು ಗಂಟೆಗೆ ಇಳಿಯುವುದೆಂದು ಆಗ ಸಾರಲಾಯಿತು. ಹೊತ್ತೇನೋ ಉಳಿಯಿತು, ಆದರೆ ೨೦೨೩ನೆಯ ಒಂದೇ ವರ್ಷದಲ್ಲಿ ಈ ದಾರಿಯ ಮೇಲೆ ನೂರೈವತ್ತಕ್ಕಿಂತಲೂ ಹೆಚ್ಚು ಜನರು ಅಪಘಾತಗಳಲ್ಲಿ ಪ್ರಾಣ ನೀಗಿದರು. ಆ ವರ್ಷದ ಆಗಸ್ಟ್ ೧ರಿಂದ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರು ಮುಂತಾದ ನಿಧಾನದ ವಾಹನಗಳನ್ನು ಮುಖ್ಯ ದಾರಿಯಿಂದ ನಿಷೇಧಿಸಿದರು. ಪೊಲೀಸರು ಗಸ್ತನ್ನೂ ವೇಗದ ತಪಾಸಣೆಯನ್ನೂ ಹೆಚ್ಚಿಸಿದರು. ನಂಬರು ಹಲಗೆಗಳನ್ನು ಓದುವ ಕ್ಯಾಮರಾಗಳನ್ನು ನೆಟ್ಟರು. ೨೦೨೪ರಲ್ಲಿ ಸಾವುಗಳು ಬಹಳವಾಗಿ ತಗ್ಗಿದವು. ಇದು ಕ್ಯಾಮರಾದಿಂದ ಮಾತ್ರ ಆಯಿತೆನ್ನುವುದು ನ್ಯಾಯವಲ್ಲ. ಎಲ್ಲ ಕ್ರಮಗಳೂ ಕೂಡಿ ಫಲಿಸಿದವೆನ್ನಬೇಕು.

ಒಂದೇ ಸ್ಥಳದಲ್ಲಿ ವೇಗವನ್ನು ನೋಡುವ ಕ್ಯಾಮರಾಕ್ಕೆ ಒಂದು ಕೊರತೆಯುಂಟು. ಅದರ ಸ್ಥಾನವನ್ನು ಬಲ್ಲ ಚಾಲಕನು ಅಲ್ಲಿಗೆ ಬಂದಾಗ ವೇಗವನ್ನು ತಗ್ಗಿಸಿ, ದಾಟಿದೊಡನೆ ಮತ್ತೆ ಹಾರಿಸುತ್ತಾನೆ. ಎರಡು ಕ್ಯಾಮರಾಗಳ ನಡುವಣ ಹೊತ್ತನ್ನು ಅಳೆದಲ್ಲಿ ಈ ಉಪಾಯವು ನಡೆಯದು. ೨೨ ಕಿಲೋಮೀಟರಿನ ಆ ಭಾಗವನ್ನು ನಿಯಮಿತವಾದ ೧೦೦ ಕಿಲೋಮೀಟರು ವೇಗದಲ್ಲಿ ದಾಟಲು ೧೩ ನಿಮಿಷ ೧೨ ಸೆಕೆಂಡು ಬೇಕು. ಯಾವನಾದರೂ ೧೦ ನಿಮಿಷದಲ್ಲಿಯೇ ದಾಟಿದನೆಂದರೆ ಅವನ ಸರಾಸರಿ ವೇಗವು ೧೩೨. ನಡುವೆ ಎಲ್ಲೆಲ್ಲಿ ಸಾಧುವಿನಂತೆ ನಡೆದಿದ್ದರೂ ಗಡಿಯಾರವು ಸುಳ್ಳು ಹೇಳದು. ಇಟಲಿ ದೇಶದಲ್ಲಿ ೨೦೦೫ರಿಂದ ಈ ಕ್ರಮವು ಹೆದ್ದಾರಿಗಳಲ್ಲಿ ಬಳಕೆಗೆ ಬಂದಿತು. ಆದರೆ ಎರಡು ಗಡಿಯಾರಗಳಿಗೆ ಒಂದೇ ನಿಮಿಷದ ಭೇದವಿದ್ದರೂ ೧೦೦ರಲ್ಲಿ ಬಂದ ನಿರಪರಾಧಿಯು ೧೦೮ರಲ್ಲಿ ಬಂದನೆಂದು ಲೆಕ್ಕವು ಹೇಳಿಬಿಡುವುದು. ದಂಡಿಸುವ ಯಂತ್ರವು ಅಳೆಯುವ ಯಂತ್ರಕ್ಕಿಂತ ಹೆಚ್ಚು ನಿಷ್ಕೃಷ್ಟವಾಗಿರಬೇಕು.

ಅವಸರದ ಚಾಲಕನು ಗಳಿಸುವುದೇನೆಂಬುದನ್ನೂ ಎಣಿಸೋಣ. ಅದೇ ೨೨ ಕಿಲೋಮೀಟರನ್ನು ೧೦೦ರ ಬದಲು ೧೨೦ರ ವೇಗದಲ್ಲಿ ದಾಟಿದರೆ ೧೧ ನಿಮಿಷ ಹಿಡಿಯುವುದು. ಉಳಿಯುವುದು ೨ ನಿಮಿಷ ೧೨ ಸೆಕೆಂಡು. ಆದರೆ ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗದಂತೆ ಏರುವುದರಿಂದ, ಡಿಕ್ಕಿಯಾದರೆ ಆಗುವ ಆಘಾತದ ಶಕ್ತಿಯು ಹೆಚ್ಚುಕಡಿಮೆ ಒಂದೂವರೆ ಪಾಲಾಗುತ್ತದೆ. ಒಂದು ಲೋಟ ಕಾಫಿ ಕುಡಿಯುವುದಕ್ಕೂ ಸಾಲದ ಹೊತ್ತಿಗಾಗಿ ಇಷ್ಟು ಅಪಾಯವನ್ನು ಕೊಳ್ಳುವುದು ಬುದ್ಧಿವಂತರ ವ್ಯಾಪಾರವೇ?

ಇನ್ನು ಹೆದ್ದಾರಿಯಿಂದ ಅಡ್ಡದಾರಿಗೆ ಬರೋಣ. ಯಾಕೆಂದರೆ ನಮ್ಮ ಶಾಲೆಗಳಿಗೆ ಬರುವ ಬಹುಮಂದಿ ಬಾಲಿಕೆಯರು ಹೆದ್ದಾರಿಯ ಕಾರುಗಳಲ್ಲಿ ಬರುವವರಲ್ಲ. ಅವರು ಹಳ್ಳಿಯಿಂದ ನಡೆದು, ನಿಲ್ದಾಣದಲ್ಲಿ ಕಾದು, ಬಸ್ಸಿನಲ್ಲಿ ನಿಂತು ಬರುವವರು. ಕ್ಯಾಮರಾ ಬಸ್ಸಿನ ಹೊತ್ತನ್ನು ಅಳೆಯುತ್ತದೆ; ಬಸ್ಸಿಗಾಗಿ ಕಾದ ಹೊತ್ತನ್ನು ಅಳೆಯುವುದಿಲ್ಲ. ಎರಡು ಬಸ್ಸುಗಳಿವೆಯೆಂದು ಊಹಿಸಿರಿ. ಮೊದಲನೆಯದು ಐದು ದಿನವೂ ೪೦ ನಿಮಿಷಗಳಲ್ಲಿ ಶಾಲೆಗೆ ಮುಟ್ಟಿಸುತ್ತದೆ. ಎರಡನೆಯದು ನಾಲ್ಕು ದಿನ ೩೦ ನಿಮಿಷಗಳಲ್ಲಿಯೂ ಐದನೆಯ ದಿನ ೮೦ ನಿಮಿಷಗಳಲ್ಲಿಯೂ ಮುಟ್ಟಿಸುತ್ತದೆ. ಎರಡರ ಸರಾಸರಿಯೂ ೪೦. ಆದರೆ ಆ ಐದನೆಯ ದಿನವೇ ಪರೀಕ್ಷೆಯಾದರೆ? ಎರಡನೆಯ ಬಸ್ಸನ್ನು ನೆಚ್ಚಿದ ಬಾಲಿಕೆಯು ಪ್ರತಿದಿನವೂ ೮೦ ನಿಮಿಷಗಳನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕಾಗುವುದು; ಕತ್ತಲಲ್ಲಿ ಎದ್ದು, ಮನೆಗೆಲಸ ಮುಗಿಸಿ, ನಿದ್ದೆಯನ್ನೂ ಓದನ್ನೂ ಕಳೆದುಕೊಳ್ಳಬೇಕಾಗುವುದು. ೨೦೨೨ರ ಆಗಸ್ಟ್ ಕೊನೆಯಲ್ಲಿ ಭಾರಿ ಮಳೆಯಿಂದ ರಾಮನಗರದ ಬಳಿ ಹೆದ್ದಾರಿಯೇ ಜಲಮಯವಾಗಿ ವಾಹನಗಳು ಮುಳುಗಿದುವು. ಒಳ್ಳೆಯ ದಿನಗಳ ಸರಾಸರಿಯು ಅಂಥ ದಿನವನ್ನು ಕುರಿತು ಏನನ್ನೂ ಹೇಳದು. ಆದ್ದರಿಂದ ದಾರಿಯ ಗುಣವನ್ನು ಹೇಳುವಾಗ ಅದು ಎಷ್ಟು ಬೇಗ ಮುಟ್ಟಿಸುತ್ತದೆ ಎಂಬುದಕ್ಕಿಂತ, ಎಷ್ಟು ನಂಬಿಕೆಯಿಂದ ಮುಟ್ಟಿಸುತ್ತದೆ ಎಂಬುದನ್ನು ಮೊದಲು ಹೇಳತಕ್ಕದ್ದು. ಇಪ್ಪತ್ತು ಪ್ರಯಾಣಗಳಲ್ಲಿ ಹತ್ತೊಂಬತ್ತು ಎಷ್ಟು ಹೊತ್ತಿನೊಳಗೆ ಮುಗಿದವೆಂಬ ಅಂಕಿಯು ಈ ನಂಬಿಕೆಯ ಅಳತೆಯಾಗಿದೆ. ಹೆದ್ದಾರಿಗೆ ಇಟ್ಟ ಕಣ್ಣನ್ನು ರಾಮನಗರದಿಂದ ಮಾಗಡಿಗೂ ಕನಕಪುರಕ್ಕೂ ಹೋಗುವ ದಾರಿಗಳಿಗೂ ಇಟ್ಟು, ಈ ಅಂಕಿಯನ್ನು ಕಂಡುಹಿಡಿದು, ಬಸ್ಸಿನ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿದರೆ, ಆ ಯಂತ್ರವು ಬಡವರ ಹೊತ್ತಿಗೂ ಬೆಲೆ ಕಟ್ಟಿದಂತಾಗುವುದು.

ಕೊನೆಯದಾಗಿ ಒಂದು ಎಚ್ಚರಿಕೆ. ನಂಬರು ಹಲಗೆಯನ್ನು ಓದುವ ಕಣ್ಣು, ಯಾರು ಎಲ್ಲಿಗೆ ಯಾವಾಗ ಹೋದರೆಂಬುದನ್ನೂ ಕಾಣಬಲ್ಲದು. ಹೆಣ್ಣುಮಕ್ಕಳ ಹೋಗುಬರುವಿಕೆಯನ್ನು ಅಪರಿಚಿತರು ತಿಳಿಯುವುದು ಎಷ್ಟು ಅಪಾಯಕರವೆಂಬುದನ್ನು ವಿವರಿಸಬೇಕಾಗಿಲ್ಲ. ಖಾಸಗಿತನವು ಪ್ರಜೆಗಳ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ರ ಆಗಸ್ಟ್ ೨೪ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮ್ಮ ನಾಡಿಗೆ ಹೆಮ್ಮೆಯ ಮಾತು. ಹೊತ್ತನ್ನು ಅಳೆಯಲು ವಾಹನದ ಒಡೆಯನ ಹೆಸರು ಬೇಡ. ನಂಬರನ್ನು ಓದಿದ ಕೂಡಲೆ ಗುಪ್ತಸಂಕೇತವಾಗಿ ಮಾರ್ಪಡಿಸಿ, ಎರಡು ಸಂಕೇತಗಳು ಕೂಡಿದೊಡನೆ ಹೊತ್ತನ್ನು ಮಾತ್ರ ಉಳಿಸಿಕೊಂಡು, ಮಿಕ್ಕುದನ್ನು ಅಳಿಸಿಬಿಡುವುದು ಸಾಧ್ಯ. ಅದೇ ಸಭ್ಯವಾದ ಕ್ರಮ.

ಸಹೋದರಿಯರೇ, ಈ ವಿದ್ಯೆಯನ್ನು ಪರೀಕ್ಷಿಸಲು ನಿಮಗೆ ಕ್ಯಾಮರಾ ಸಹ ಬೇಕಾಗಿಲ್ಲ. ಉಪಾಧ್ಯಾಯಿನಿಯರ ಅಪ್ಪಣೆ ಪಡೆದು, ಒಂದೇ ಬೀದಿಗೆ ತೆರೆದ ಎರಡು ಕಾಂಪೌಂಡುಗಳ ಒಳಗಿನಿಂದ, ಒಂದು ಗುಂಪು ಈ ತುದಿಯಲ್ಲಿಯೂ ಇನ್ನೊಂದು ಗುಂಪು ಆ ತುದಿಯಲ್ಲಿಯೂ ಕುಳಿತು, ಗಡಿಯಾರಗಳನ್ನು ಮೊದಲೇ ಕೂಡಿಸಿಕೊಂಡು, ಹಾದುಹೋಗುವ ವಾಹನಗಳ ಕೊನೆಯ ನಾಲ್ಕು ಅಂಕಿಗಳನ್ನೂ ಹೊತ್ತನ್ನೂ ಅರ್ಧ ಗಂಟೆ ಬರೆದುಕೊಳ್ಳಿರಿ. ಬಳಿಕ ಎರಡು ಪಟ್ಟಿಗಳನ್ನು ಹೋಲಿಸಿ, ನಡುವಿನ ಅಂಕಿಯನ್ನು ಹುಡುಕಿರಿ; ಸರಾಸರಿಗೂ ಅದಕ್ಕೂ ಇರುವ ಭೇದವನ್ನು ನೋಡಿರಿ; ಲೆಕ್ಕ ಮುಗಿದ ಮೇಲೆ ಪಟ್ಟಿಗಳನ್ನು ಹರಿದುಬಿಡಿರಿ. ನಿಮ್ಮ ಬಸ್ಸು ತಡವಾದಾಗ “ಯಾವಾಗಲೂ ತಡ” ಎಂದು ಗೊಣಗುವುದರಿಂದ ಫಲವಿಲ್ಲ. ಒಂದು ತಿಂಗಳ ಹೊತ್ತುಗಳನ್ನು ಬರೆದಿಟ್ಟು ಅಧಿಕಾರಿಗಳ ಮುಂದಿಟ್ಟರೆ ಆ ಕಾಗದಕ್ಕೆ ಅವರು ಉತ್ತರ ಕೊಡಬೇಕಾಗುವುದು.